ತುಕ್ಕಿಗೂ ಒಂದು ಕಾರಣ ಬೇಕು: ಜಾನ್ ಅಲೆನ್ ಕಟ್ಟಿದ ಪುಟ್ಟ ರೈಲು

ಮುಂದಿನ ಸಲ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುವಾಗ ಗೂಡ್ಸ್ ರೈಲು ಹಾದುಹೋದರೆ ಫೋನ್ ಜೇಬಿಗಿಟ್ಟು ಅದನ್ನೊಮ್ಮೆ ನೋಡಿ. ಐವತ್ತು ವ್ಯಾಗನ್ ಇದ್ದರೆ ಐವತ್ತೂ ಒಂದೇ ಡ್ರಾಯಿಂಗ್‌ನಿಂದ ಹುಟ್ಟಿದವು, ಒಂದೇ ಬಣ್ಣ ಬಳಿಸಿಕೊಂಡವು. ಆದರೂ ಎರಡು ವ್ಯಾಗನ್ ಒಂದೇ ಥರ ಕಾಣಲ್ಲ. ಒಂದರ ಬಾಗಿಲ ಕೆಳಗೆ ತುಕ್ಕು ಗೆರೆಗೆರೆಯಾಗಿ ಇಳಿದಿದೆ. ಇನ್ನೊಂದರ ಮೈಯೆಲ್ಲ ಸಿಮೆಂಟ್ ಧೂಳು. ಮತ್ತೊಂದರ ಒಂದು ಮೂಲೆ ಮಾತ್ರ ಜಜ್ಜಿಹೋಗಿ ಬಣ್ಣ ಎದ್ದಿದೆ. ಕಾರ್ಖಾನೆ ಅವನ್ನು ಅವಳಿ ಮಕ್ಕಳ ಥರ ಹೊರಗೆ ಕಳಿಸಿತ್ತು. ಬಿಸಿಲು, ಮಳೆ, ಸರಕು, ಕೆಲಸ ಎಲ್ಲ ಸೇರಿ ಒಂದೊಂದಕ್ಕೂ ಬೇರೆ ಬೇರೆ ಮುಖ ಕೊಟ್ಟವು.

ಈಗ ಅದೇ ವ್ಯಾಗನ್ನಿನ ಒಂದು ಪುಟ್ಟ ಮಾಡೆಲ್ ತಗೊಳ್ಳಿ. ಅಳತೆ ಕರಾರುವಾಕ್ಕು, ರಿವೆಟ್ಟುಗಳ ಲೆಕ್ಕವೂ ಸರಿ. ಹಳಿ ಮೇಲಿಟ್ಟರೆ ಓಡುತ್ತದೆ ಕೂಡ. ಆದರೂ ಕಂಡ ತಕ್ಷಣ ಇದು ಆಟಿಕೆ ಅಂತ ಗೊತ್ತಾಗಿಬಿಡುತ್ತದೆ. ಯಾಕೆ? ಅದು ಎಲ್ಲಿಗೂ ಹೋಗಿ ಬಂದಿಲ್ಲ, ಏನನ್ನೂ ಹೊತ್ತಿಲ್ಲ, ಒಂದು ಮಳೆಯನ್ನೂ ಕಂಡಿಲ್ಲ. ಹಬ್ಬಕ್ಕೆ ಹೊಸ ಬಟ್ಟೆ ಹಾಕಿ ನಿಲ್ಲಿಸಿದ ಮಗುವಿನ ಹಾಗೆ ಮಿರಮಿರ ಮಿಂಚುತ್ತಾ ನಿಂತಿದೆ.

ಅಂಥ ಮಾಡೆಲ್‌ಗೆ ಬೇಕಂತಲೇ ತುಕ್ಕು, ಧೂಳು, ಮಸಿ ಹಚ್ಚಿ, ದುಡಿದು ದಣಿದ ಗಾಡಿಯಂತೆ ಮಾಡುವುದಕ್ಕೆ 'ವೆದರಿಂಗ್' ಅನ್ನುತ್ತಾರೆ. ಇವತ್ತು ಮಾಡೆಲ್ ರೈಲು ಕಟ್ಟುವವರಿಗೆ ಇದು ಅ ಆ ಇ ಈ ಇದ್ದ ಹಾಗೆ. ಆದರೆ ಎಪ್ಪತ್ತೈದು ವರ್ಷದ ಹಿಂದೆ ಹೀಗೆ ಮಾಡಿದ್ದರೆ, ದುಡ್ಡು ಕೊಟ್ಟು ತಂದ ಎಂಜಿನ್ನನ್ನು ಯಾಕಪ್ಪಾ ಹಾಳು ಮಾಡಿದೆ ಅಂತ ಕೇಳುವವರೇ ಹೆಚ್ಚು. ಆ ಅಭಿಪ್ರಾಯ ಬದಲಾಗಲು ಮುಖ್ಯ ಕಾರಣನಾದವನು ಅಮೆರಿಕದ ಜಾನ್ ಅಲೆನ್. ಮಾಡೆಲ್ ರೈಲಿನ ಲೋಕದಲ್ಲಿ ಇವನ ಹೆಸರು ಕೇಳದವರಿಲ್ಲ. ಆ ಲೋಕದ ಹೊರಗಿರುವ ನಮ್ಮಂಥವರಿಗೂ ಇವನ ಕತೆಯಲ್ಲಿ ಕಲಿಯುವುದಿದೆ.

ದುರ್ಬಲ ಹೃದಯ, ಚುರುಕು ಕಣ್ಣು

ಜಾನ್ ವಿಟ್ಬಿ ಅಲೆನ್ ಹುಟ್ಟಿದ್ದು 1913ರ ಜುಲೈ 2ರಂದು, ಅಮೆರಿಕದ ಮಿಸೌರಿ ರಾಜ್ಯದ ಜಾಪ್ಲಿನ್ ಎಂಬ ಊರಲ್ಲಿ. ಸೀಸ ಮತ್ತು ಸತುವಿನ ಗಣಿಗಳಿಗೆ ಹೆಸರಾದ ಊರು ಅದು. ತಂದೆ ತಾಯಿ ಇಬ್ಬರನ್ನೂ ಚಿಕ್ಕ ವಯಸ್ಸಲ್ಲೇ ಕಳೆದುಕೊಂಡು ನೆಂಟರ ಆಸರೆಯಲ್ಲಿ ಬೆಳೆದ. ಸಾಲದ್ದಕ್ಕೆ ರುಮ್ಯಾಟಿಕ್ ಜ್ವರ ಬಂತು. ಕೀಲುನೋವಿನಿಂದ ಶುರುವಾಗಿ ಹೃದಯದ ಕವಾಟಗಳಿಗೇ ಪೆಟ್ಟು ಕೊಡಬಲ್ಲ ಕಾಯಿಲೆ ಇದು. ಪೆನಿಸಿಲಿನ್ ಇನ್ನೂ ಔಷಧಿ ಅಂಗಡಿಗೆ ಬಾರದಿದ್ದ ಕಾಲ. ಜ್ವರ ಬಿಟ್ಟಿತು, ದುರ್ಬಲವಾದ ಹೃದಯ ಮಾತ್ರ ಕೊನೆವರೆಗೂ ಹಾಗೇ ಉಳಿಯಿತು.

ಮುಂದೆ ಕ್ಯಾಲಿಫೋರ್ನಿಯಾಕ್ಕೆ ಬಂದ ಅಲೆನ್, ಲಾಸ್ ಏಂಜಲೀಸ್‌ನಲ್ಲಿ ಫೋಟೋಗ್ರಫಿ ಕಲಿತು ಅದನ್ನೇ ವೃತ್ತಿ ಮಾಡಿಕೊಂಡ. ಸ್ಟುಡಿಯೊ ಕೆಲಸ ಅಂದರೆ ದಿನವಿಡೀ ಬೆಳಕಿನ ಜೊತೆಗಿನ ಸಹವಾಸ. ದೀಪ ಎಲ್ಲಿಟ್ಟರೆ ಮೂಗಿನ ನೆರಳು ಎಲ್ಲಿ ಬೀಳುತ್ತದೆ, ಯಾವ ಬಟ್ಟೆ ಮಿಂಚುತ್ತದೆ, ಯಾವುದು ಬೆಳಕನ್ನು ನುಂಗುತ್ತದೆ ಎಂಬುದೆಲ್ಲ ಕಣ್ಣಿಗೆ ಅಭ್ಯಾಸವಾಗುತ್ತದೆ. ಇದೇ ಕಣ್ಣು ಮುಂದೆ ಅವನ ರೈಲಿನ ಕೆಲಸದಲ್ಲಿ ದೊಡ್ಡ ಬಂಡವಾಳವಾಯಿತು. ಇನ್ನೊಂದು ಬಂಡವಾಳವೂ ಇತ್ತು. ಸ್ವಲ್ಪ ಹಣವನ್ನು ಜಾಣತನದಿಂದ ಹೂಡಿದ್ದ, ಸರಳವಾಗಿ ಬದುಕುತ್ತಿದ್ದ. 1946ರಲ್ಲಿ ಸ್ಟುಡಿಯೊ ವ್ಯವಹಾರ ಬಿಟ್ಟು ಕಡಲ ತೀರದ ಮಾಂಟೆರೇ ಊರಿಗೆ ಬಂದಾಗ ಅವನಿಗೆ ಮೂವತ್ತಮೂರು ವರ್ಷ. ಮದುವೆಯಾಗಲಿಲ್ಲ. ಉಳಿದ ಆಯುಷ್ಯವನ್ನು ಒಂದು ಪುಟ್ಟ ರೈಲು ಕಂಪನಿ ಕಟ್ಟುವುದಕ್ಕೆ ಇಟ್ಟುಬಿಟ್ಟ.

ಕಂಪನಿಯ ಹೆಸರು 'ಗೋರ್ ಅಂಡ್ ಡಫೆಟಿಡ್'. ಎರಡು ಊರುಗಳ ನಡುವೆ ಓಡುವ ರೈಲಿಗೆ ಆ ಊರುಗಳ ಹೆಸರನ್ನೇ ಇಡುವುದು ಅಲ್ಲಿನ ಪದ್ಧತಿ. ಬರೆದಾಗ ಗಂಭೀರವಾಗೇ ಕಾಣುತ್ತದೆ. ಅಲೆನ್ ಹೇಳಿಕೊಟ್ಟಂತೆ ಉಚ್ಚರಿಸಿದರೆ ಮಾತ್ರ ಅದು 'ಗೋರಿ ಅಂಡ್ ಡಿಫೀಟೆಡ್' ಆಗುತ್ತದೆ. ಅಂದ್ರೆ ಮೈಯೆಲ್ಲ ರಕ್ತವಾಗಿ ಸೋತು ಬಂದವನು! ಇಡೀ ಜೀವನ ಇಷ್ಟು ತಾಳ್ಮೆಯ ಕೆಲಸಕ್ಕೆ ಕೊಟ್ಟವನು ತನ್ನ ಕೆಲಸವನ್ನೇ ಹೀಗೆ ತಮಾಷೆ ಮಾಡಿಕೊಳ್ಳುತ್ತಿದ್ದ.

87ನೇ ಒಂದು ಭಾಗದ ಲೋಕ

ಅಲೆನ್ ಆರಿಸಿಕೊಂಡದ್ದು ಎಚ್‌ಒ ಸ್ಕೇಲ್. ನಿಜದ ಒಂದು ಅಡಿಗೆ ಇಲ್ಲಿ 3.5 ಮಿಲಿಮೀಟರ್, ಹೆಚ್ಚು ಕಡಿಮೆ 1:87. ನಲವತ್ತು ಅಡಿಯ ವ್ಯಾಗನ್ 14 ಸೆಂಟಿಮೀಟರ್ ಆಗುತ್ತದೆ, ಆರಡಿಯ ಆಳು 21 ಮಿಲಿಮೀಟರ್. ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್.

ಎಂಜಿನಿಯರಿಂಗ್ ಓದುವ ನಮಗೆ ಇಲ್ಲೊಂದು ಮೋಜಿನ ಲೆಕ್ಕವಿದೆ. ಉದ್ದ 87 ಪಟ್ಟು ಇಳಿದರೆ ಘನಗಾತ್ರ 87ರ ಘನದಷ್ಟು, ಅಂದರೆ ಸುಮಾರು 6,58,500 ಪಟ್ಟು ಇಳಿಯುತ್ತದೆ. 20 ಟನ್ ತೂಕದ ಖಾಲಿ ವ್ಯಾಗನ್ನನ್ನು ಅದೇ ಲೆಕ್ಕದಲ್ಲಿ ಕುಗ್ಗಿಸಿದರೆ ಬರುವುದು ಬರೀ 30 ಗ್ರಾಂ. ಅಷ್ಟು ಹಗುರ ಇದ್ದರೆ ತಿರುವಿನಲ್ಲಿ ಹಳಿ ತಪ್ಪುವುದು ಗ್ಯಾರಂಟಿ. ಹಾಗಾಗಿ ಮಾಡೆಲ್ ಕಟ್ಟುವವರು ಒಳಗೆ ಸೀಸವೋ ಕಬ್ಬಿಣದ ಚೂರೋ ಇಟ್ಟು ತೂಕವನ್ನು ಅದರ ಮೂರು ಪಟ್ಟಿಗೂ ಹೆಚ್ಚು ಮಾಡುತ್ತಾರೆ. ಉದ್ದಗಲ ಕುಗ್ಗಿಸಬಹುದು, ಆದರೆ ಭೌತಶಾಸ್ತ್ರ ಅದರ ಜೊತೆಗೆ ತಾನಾಗಿ ಕುಗ್ಗಿಬರುವುದಿಲ್ಲ.

ಕೊಳೆಯ ವಿಷಯವೂ ಹಾಗೇ. ಮಾಡೆಲ್ ನಿಜವಾಗಿ ಕಾಣಬೇಕು ತಾನೇ, ನಾಲ್ಕು ದಿನ ಹೊರಗಿಟ್ಟು ಬಿಟ್ಟರೆ ಆಯ್ತಲ್ಲ, ಧೂಳು ತಾನೇ ಕೂರುತ್ತೆ ಅನ್ನಿಸಬಹುದು. ಆದರೆ 0.1 ಮಿಲಿಮೀಟರಿನ ಒಂದು ಧೂಳಿನ ಕಣ ಆ ಲೋಕದಲ್ಲಿ ಸುಮಾರು 9 ಮಿಲಿಮೀಟರಿನ ಜಲ್ಲಿಕಲ್ಲು! ನಿಜವಾದ ತುಕ್ಕು ಹಿಡಿಸಿದರೂ ಅಷ್ಟೇ, ಅದರ ಕಣಗಳು ಆ ಗಾಡಿಗೆ ವಿಪರೀತ ದಪ್ಪ. ಬಣ್ಣದ ಪದರ 0.05 ಮಿಲಿಮೀಟರ್ ದಪ್ಪ ಬಂದರೆ ಗೋಡೆಗೆ ನಾಲ್ಕು ಮಿಲಿಮೀಟರ್ ಗಾರೆ ಮೆತ್ತಿದ ಹಾಗಾಗಿ ರಿವೆಟ್ಟುಗಳೆಲ್ಲ ಮುಳುಗಿಹೋಗುತ್ತವೆ. ಹೀಗಾಗಿ ಇಲ್ಲಿ ಕೊಳೆಯನ್ನು ಹಚ್ಚುವುದಲ್ಲ, ಕೊಳೆಯ ಚಿತ್ರ ಬರೆಯಬೇಕು. ಚಿತ್ರ ಬರೆಯಬೇಕಾದರೆ ಅದು ಎಲ್ಲಿಂದ ಬಂತು ಎಂದು ತಿಳಿದಿರಬೇಕು.

ಬೆಳಕು ಹೇಳಿಕೊಟ್ಟದ್ದು

ಫೋಟೋಗ್ರಾಫರ್ ಆಗಿದ್ದ ಅಲೆನ್‌ಗೆ ಹೊಳಪಿನ ತೊಂದರೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ನುಣುಪಾದ ಬಣ್ಣದ ಮೇಲೆ ಬೆಳಕು ಕನ್ನಡಿಯ ಮೇಲೆ ಬಿದ್ದಂತೆ ಒಂದೇ ದಿಕ್ಕಿಗೆ ಪುಟಿಯುತ್ತದೆ. ಕೋಣೆಯ ಬಲ್ಬು ಎಂಜಿನ್ನಿನ ಮೈಮೇಲೆ ದಪ್ಪ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಬಾಯ್ಲರಿನ ಅರ್ಧದಷ್ಟು ದೊಡ್ಡ ಬಲ್ಬು ಯಾವ ಊರಲ್ಲಿದೆ ಹೇಳಿ! ಆ ಒಂದು ಚುಕ್ಕೆ ಸಾಕು, ಇದು ಕೈಯಗಲದ ವಸ್ತು ಅಂತ ಕಣ್ಣಿಗೆ ಗೊತ್ತಾಗಲು. ಧೂಳು ಕೂತು ಮಾಸಿದ ಮೇಲ್ಮೈ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುತ್ತದೆ, ಚುಕ್ಕೆ ಮಾಯವಾಗುತ್ತದೆ. ವೆದರಿಂಗ್‌ನ ಮೊದಲ ಪಾಠ ತುಕ್ಕೂ ಅಲ್ಲ ಮಸಿಯೂ ಅಲ್ಲ, ಹೊಳಪು ಇಳಿಸುವುದು.

ಎರಡನೇ ತೊಡಕು ಫೋಕಸ್. ಪುಟ್ಟ ವಸ್ತುವನ್ನು ಹತ್ತಿರದಿಂದ ತೆಗೆದರೆ ಎಂಜಿನ್ನಿನ ಮೂಗು ಸ್ಪಷ್ಟವಾಗಿ, ಬಾಲ ಮಸುಕಾಗಿ ಬರುತ್ತದೆ. ಅದೂ ಆಟಿಕೆಯ ಗುಟ್ಟು ಬಿಟ್ಟುಕೊಡುತ್ತದೆ. ಇದಕ್ಕೆ ಮದ್ದು ಲೆನ್ಸಿನ ಕಿಂಡಿಯನ್ನು ಅತಿ ಚಿಕ್ಕದು ಮಾಡುವುದು. ಎಫ್ 8ರಿಂದ ಎಫ್ 64ಕ್ಕೆ ಹೋದರೆ ಒಳಗೆ ಬರುವ ಬೆಳಕು 64ನೇ ಒಂದು ಪಾಲಾಗುತ್ತದೆ. ಒಂದು ಸೆಕೆಂಡು ಸಾಕಿದ್ದ ಕಡೆ ಒಂದು ನಿಮಿಷಕ್ಕೂ ಹೆಚ್ಚು ಕಾಯಬೇಕು. ಅಲೆನ್ ಕಾಯುತ್ತಿದ್ದ. ಅವನ ಚಿತ್ರಗಳಲ್ಲಿ ಮುಂದಿನ ಸ್ಲೀಪರ್‌ನಿಂದ ಹಿಡಿದು ಹಿಂದಿನ ಬೆಟ್ಟದ ತನಕ ಎಲ್ಲವೂ ಸ್ಪಷ್ಟ.

ಆ ಚಿತ್ರಗಳು 1940ರ ದಶಕದ ಕೊನೆಯಿಂದ ಅಮೆರಿಕದ ಮಾಡೆಲ್ ರೈಲು ಪತ್ರಿಕೆಗಳಲ್ಲಿ ಬರತೊಡಗಿದವು. ಮಸಿ ಹಿಡಿದ ಎಂಜಿನ್ ಶೆಡ್, ನಡು ಬಾಗಿದ ಛಾವಣಿ, ಬಣ್ಣ ಮಾಸಿದ ಮರದ ವ್ಯಾಗನ್, ಬೂದಿ ಗುಡ್ಡೆ, ಮೂಲೆಯಲ್ಲಿ ಬಿದ್ದ ಗುಜರಿ. ಓದುಗರು ಬೆರಗಾದರು. ಮಾಡೆಲ್ ತಯಾರಿಸುವ ವಾರ್ನಿ ಎಂಬ ಕಂಪನಿ ತನ್ನ ಜಾಹೀರಾತುಗಳಿಗೆ ಅಲೆನ್‌ನ ಚಿತ್ರಗಳನ್ನು ಬಳಸಿತು. ಇದರ ಸ್ವಾರಸ್ಯ ನೋಡಿ: ಹೊಸ ಮಾಲು ಮಾರುವ ಜಾಹೀರಾತಿನಲ್ಲಿ ಮಾಲು ಹಳೇದಾಗಿ, ಮಾಸಿ ಕಾಣುತ್ತಿತ್ತು. ಜನ ಅದನ್ನೇ ಇಷ್ಟಪಟ್ಟರು.

ಪ್ರತಿ ಕಲೆಗೂ ಒಂದು ಕಾರಣ

ವೆದರಿಂಗ್ ಅಂದರೆ ಕಂದು ಬಣ್ಣ ಸಿಕ್ಕ ಸಿಕ್ಕ ಕಡೆ ಎರಚುವುದು ಅಂದುಕೊಂಡರೆ ಮಾಡೆಲ್ ಕೊಳಕಾಗುತ್ತದೆಯೇ ಹೊರತು ಹಳೆಯದಾಗುವುದಿಲ್ಲ. ಕೊಳಕಿಗೂ ಹಳತಿಗೂ ಇರುವ ವ್ಯತ್ಯಾಸ ಅಂದರೆ ಕಾರಣ. ನಮ್ಮ ಮೆಟೀರಿಯಲ್ಸ್ ಸೈನ್ಸ್ ಪೇಪರಿನಲ್ಲಿ ಐದು ಮಾರ್ಕಿಗೆ ಓದಿ ಮರೆಯುವ ವಿಷಯಗಳೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ.

ಮೊದಲು ತುಕ್ಕು. ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ಸಿಗಬೇಕು. ಬಣ್ಣ ಗಟ್ಟಿಯಾಗಿರುವ ಬಯಲು ಭಾಗದಲ್ಲಿ ತುಕ್ಕು ಬರುವುದು ಕಷ್ಟ. ಅದು ಶುರುವಾಗುವುದು ಬಣ್ಣ ಚಕ್ಕೆ ಎದ್ದ ಕಡೆ, ರಿವೆಟ್ ತಲೆಯ ಸುತ್ತ, ಎರಡು ತಗಡು ಸೇರುವ ಸಂದಿಯಲ್ಲಿ, ನೀರು ನಿಲ್ಲುವ ಕೆಳಮೂಲೆಯಲ್ಲಿ. ಅಲ್ಲಿಂದ ಮಳೆನೀರಿನ ಜೊತೆ ಕೆಳಗಿಳಿಯುತ್ತದೆ. ಆದ್ದರಿಂದ ಗೆರೆ ಯಾವಾಗಲೂ ಮೇಲಿಂದ ಕೆಳಕ್ಕೇ ಹೋಗಬೇಕು, ಮೇಲೆ ಗಾಢವಾಗಿದ್ದು ಕೆಳಗೆ ತೆಳುವಾಗಬೇಕು. ದಾರಿಯಲ್ಲಿ ಒಂದು ಪಟ್ಟಿ ಅಡ್ಡ ಬಂದರೆ ಅಲ್ಲಿ ನಿಂತು, ಅದರ ಅಂಚಿನಿಂದ ಮತ್ತೆ ಇಳಿಯಬೇಕು. ಬಣ್ಣದಲ್ಲೂ ವಯಸ್ಸಿದೆ. ಹೊಸ ತುಕ್ಕು ಕಿತ್ತಳೆ, ಹಳೆಯ ತುಕ್ಕು ಕಪ್ಪು ಮಿಶ್ರಿತ ಕಂದು. ಹಳೆ ಕಲೆಯ ನಡುಭಾಗ ಗಾಢವಾಗಿದ್ದು, ಅದು ಇನ್ನೂ ಹರಡುತ್ತಿರುವ ಅಂಚಿನಲ್ಲಿ ಮಾತ್ರ ಕಿತ್ತಳೆ ಕಾಣುತ್ತದೆ.

ಆಮೇಲೆ ಧೂಳು. ಚಕ್ರ ಎಬ್ಬಿಸುವ ಧೂಳು ಗಾಡಿಯ ಕೆಳಭಾಗಕ್ಕೆ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಉಗಿ ಎಂಜಿನ್ನಿನ ಕಾಲದಲ್ಲಿ ಮಸಿ ಇದಕ್ಕೆ ಉಲ್ಟಾ, ಅದು ಬೀಳುವುದು ಛಾವಣಿಯ ಮೇಲೆ. ಸುರಂಗದ ಬಾಯಿಯ ಕಮಾನಿನ ಮೇಲೂ ಮಸಿ ಕಟ್ಟುತ್ತದೆ. ಚಕ್ರದ ಪಕ್ಕಗಳು ಎಣ್ಣೆ ಮತ್ತು ಧೂಳು ಸೇರಿ ಕಂದು ಬಣ್ಣಕ್ಕೆ ತಿರುಗಿರುತ್ತವೆ, ಆದರೆ ಹಳಿಗೆ ಉಜ್ಜುವ ಅಂಚು ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅದನ್ನೂ ಕಂದು ಮಾಡಿದರೆ ಆ ಗಾಡಿ ತಿಂಗಳುಗಟ್ಟಲೆ ಓಡಿಲ್ಲ ಎಂದು ಅರ್ಥ.

ಇನ್ನು ಸರಕಿನ ಗುರುತು. ಕಲ್ಲಿದ್ದಲು ತುಂಬಿ ಸುರಿಯುವ ವ್ಯಾಗನ್ನಿನ ಒಳಮೈಯಲ್ಲಿ ಬಣ್ಣವೇ ಉಳಿದಿರುವುದಿಲ್ಲ. ಸಿಮೆಂಟ್ ವ್ಯಾಗನ್ನಿನ ಮೇಲಿನ ಮುಚ್ಚಳಗಳ ಸುತ್ತ ಬೂದುಬಿಳಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಎಣ್ಣೆ ಟ್ಯಾಂಕರಿನ ಮುಚ್ಚಳದಿಂದ ಚೆಲ್ಲಿದ ಎಣ್ಣೆ ಹೊಟ್ಟೆಯ ಮೇಲೆ ಕಪ್ಪಗೆ ಮಿನುಗುತ್ತಾ ಇಳಿದಿರುತ್ತದೆ. ಇಲ್ಲಿ ಮಾತ್ರ ಹೊಳಪು ಇರಬೇಕು. ಉಗಿ ಎಂಜಿನ್ನಿನ ಕವಾಟಗಳ ಕೆಳಗೆ ಬಿಳಿ ಗೆರೆಗಳು. ಅದು ಗಡಸು ನೀರಿನ ಲವಣ, ಹಾಸ್ಟೆಲ್ ಗೀಸರಿನಲ್ಲಿ ಕಟ್ಟಿಕೊಳ್ಳುತ್ತಲ್ಲ, ಅದೇ. ಬಿಸಿಲಿಗೆ ಕೆಂಪು ಬಣ್ಣ ಪೇಲವವಾಗುತ್ತದೆ. ಒಂದು ಹಲಗೆ ಮುರಿದು ಹೊಸದು ಹಾಕಿದ್ದರೆ ಅದೊಂದು ಮಾತ್ರ ತಾಜಾ ಬಣ್ಣದಲ್ಲಿ ಎದ್ದು ಕಾಣುತ್ತದೆ.

ಇದನ್ನೆಲ್ಲ ಬರೆಯಲು ಬೇಕಾಗುವ ಸಾಮಾನು ತೀರಾ ಸಾಮಾನ್ಯ. ಬಣ್ಣಕ್ಕೆ ಬೇಕಾದಷ್ಟು ಥಿನ್ನರ್ ಬೆರೆಸಿ ನೀರಿನಂತೆ ಮಾಡಿ ಬಳಿದರೆ, ಅದು ಕೇಶಾಕರ್ಷಣೆಯಿಂದ ತಾನಾಗೇ ಸಂದುಗಳಿಗೆ ಹರಿದು ರಿವೆಟ್ಟಿನ ಸುತ್ತ ನಿಲ್ಲುತ್ತದೆ. ಇದು 'ವಾಶ್'. ನಿಜದ ಕೊಳೆ ಕೂರುವುದೂ ಅಲ್ಲೇ ಆದ್ದರಿಂದ ಅರ್ಧ ಕೆಲಸ ಬಣ್ಣವೇ ಮಾಡಿಕೊಡುತ್ತದೆ. ಬ್ರಷ್ಷಿಗೆ ತಿಳಿ ಬಣ್ಣ ಹಚ್ಚಿ, ಹೆಚ್ಚೂ ಕಡಿಮೆ ಎಲ್ಲವನ್ನೂ ಬಟ್ಟೆಗೆ ಒರೆಸಿ, ಉಳಿದದ್ದನ್ನು ಮೇಲಿಂದ ಸವರಿದರೆ ಬರೀ ಉಬ್ಬಿದ ಅಂಚುಗಳಿಗೆ ಹತ್ತುತ್ತದೆ. ಇದು 'ಡ್ರೈಬ್ರಷ್', ಸವೆದ ಅಂಚುಗಳ ನೋಟ ಕೊಡುತ್ತದೆ. ಬಣ್ಣದ ಚಾಕ್‌ಪೀಸನ್ನು ಕೆರೆದು ಪುಡಿ ಮಾಡಿ ಮೆತ್ತಗಿನ ಬ್ರಷ್ಷಿನಲ್ಲಿ ಹಚ್ಚಿದರೆ ಧೂಳು ಮತ್ತು ಮಸಿ. ಏರ್‌ಬ್ರಷ್ ಇದ್ದರೆ ಕೆಳಭಾಗಕ್ಕೆ ತೆಳುವಾಗಿ ಮಂಜಿನಂತೆ ಒಂದು ಪದರ. ಒಂದೊಂದು ಪದರವೂ ಎಷ್ಟು ತೆಳುವೆಂದರೆ, ಒಂದನ್ನೇ ನೋಡಿದರೆ ಏನೂ ಆದಂತೆ ಕಾಣಬಾರದು. ನಾಲ್ಕೈದು ಸೇರಿದಾಗ ವರ್ಷಗಳು ಕಳೆದಂತೆ ಕಾಣಬೇಕು.

ಅಲೆನ್‌ನ ಹಿರಿಮೆ ಈ ಸಾಮಾನುಗಳನ್ನು ಬಳಸಿದ್ದರಲ್ಲಿ ಅಷ್ಟೇ ಇಲ್ಲ. ಎಂಜಿನ್ನಿಗೆ ಮಸಿ, ಎಂಜಿನ್ನು ನಿಲ್ಲುವ ಶೆಡ್ಡಿಗೆ ಮಸಿ, ಶೆಡ್ಡಿನ ಮುಂದಿನ ನೆಲಕ್ಕೆ ಬೂದಿ, ಪಕ್ಕದ ಮರಕ್ಕೂ ಒಂದಿಷ್ಟು ಮಂಕು: ಇಡೀ ದೃಶ್ಯ ಒಂದೇ ಹವೆಯಲ್ಲಿ ಹಳತಾದಂತೆ ಮಾಡಿದ. ಒಂದು ವ್ಯಾಗನ್ನಿಗೆ ಬಣ್ಣ ಹಚ್ಚುವುದು ಬೇರೆ, ಒಂದು ಊರಿಗೆ ಗತಕಾಲ ಕೊಡುವುದು ಬೇರೆ.

ನೆಲಮಾಳಿಗೆಯ ಬೆಟ್ಟಗಳು

ಗೋರ್ ಅಂಡ್ ಡಫೆಟಿಡ್‌ನ ಮೊದಲ ರೂಪ ಒಂದು ಮಂಚಕ್ಕಿಂತ ದೊಡ್ಡದಿರಲಿಲ್ಲ. ಎರಡನೆಯದು ಅದರ ವಿಸ್ತರಣೆ. 1953ರ ಹೊತ್ತಿಗೆ ಅಲೆನ್ ಮಾಂಟೆರೇಯಲ್ಲೇ ಒಂದು ಮನೆ ಕೊಂಡು ಅದರ ನೆಲಮಾಳಿಗೆಯಲ್ಲಿ ಮೂರನೆಯದನ್ನು ಶುರು ಮಾಡಿದ. ಸುಮಾರು 23 ಅಡಿ ಅಗಲ, 32 ಅಡಿ ಉದ್ದದ ಜಾಗ. ಮೊದಲು ಕಟ್ಟಿದ ಪುಟ್ಟ ರೈಲನ್ನು ಎಸೆಯಲಿಲ್ಲ. ದೊಡ್ಡದರ ಒಳಗೆ ಅದಕ್ಕೂ ಒಂದು ಜಾಗ ಮಾಡಿ ಸೇರಿಸಿಕೊಂಡ.

32 ಅಡಿ ದೊಡ್ಡದೆನಿಸುತ್ತದೆ ಅಲ್ವಾ? 87ರಿಂದ ಗುಣಿಸಿ ನೋಡಿ, 850 ಮೀಟರ್. ಒಂದು ಕಿಲೋಮೀಟರೂ ಆಗಲಿಲ್ಲ. ಅಷ್ಟರಲ್ಲಿ ಒಂದು ಪರ್ವತ ಶ್ರೇಣಿಯ ರೈಲು ಕಾಣಿಸಬೇಕು! ಅಲೆನ್ ಇಲ್ಲಿ ಕಣ್ಣಿಗೆ ಮೋಸ ಮಾಡುವ ವಿದ್ಯೆಗಳನ್ನೆಲ್ಲ ಬಳಸಿದ. ಹಿಂದಿನ ಮನೆಗಳನ್ನು, ಮರಗಳನ್ನು ಮುಂದಿನವಕ್ಕಿಂತ ಚಿಕ್ಕ ಸ್ಕೇಲಿನಲ್ಲಿ ಮಾಡಿದ, ಅವು ದೂರ ಇದ್ದಂತೆ ಕಂಡವು. ಎದ್ದು ಕಾಣದ ಜಾಗಗಳಲ್ಲಿ ಕನ್ನಡಿ ಇಟ್ಟು ಅರ್ಧ ಬೀದಿಯನ್ನು ಇಡೀ ಬೀದಿ ಮಾಡಿದ. ಮೇಜಿನ ಮೇಲೆ ಮಾತ್ರ ಗುಡ್ಡ ಕಟ್ಟುವ ರೂಢಿ ಬಿಟ್ಟು, ನೆಲದಿಂದ ಸೂರಿನ ತನಕ ಬೆಟ್ಟ ಕಣಿವೆ ಎಬ್ಬಿಸಿದ. ನಡುವೆ ನಡೆದಾಡುವವನಿಗೆ ಆಟಿಕೆಯನ್ನು ಮೇಲಿಂದ ಬಗ್ಗಿ ನೋಡುವ ಭಾವ ಹೋಗಿ, ಕಣಿವೆಯೊಳಗೇ ನಿಂತ ಭಾವ ಬರುತ್ತಿತ್ತು.

ಆದರೆ ಇದು ನೋಡಲಿಕ್ಕೆ ಮಾತ್ರ ಕಟ್ಟಿದ ರೈಲಲ್ಲ. ಗೆಳೆಯರು ಸೇರಿ, ಒಬ್ಬೊಬ್ಬರು ಒಂದೊಂದು ಹೊಣೆ ಹೊತ್ತು, ವೇಳಾಪಟ್ಟಿ ಹಿಡಿದು ನಿಜವಾದ ರೈಲ್ವೆಯಂತೆ ಅದನ್ನು ಓಡಿಸುತ್ತಿದ್ದರು. ಯಾವ ವ್ಯಾಗನ್ ಯಾವ ಕಾರ್ಖಾನೆಗೆ, ಯಾವ ಗಾಡಿಗೆ ಯಾವುದು ದಾರಿ ಬಿಡಬೇಕು ಎಲ್ಲಕ್ಕೂ ಲೆಕ್ಕವಿತ್ತು. ವ್ಯಾಗನ್ನಿಗೆ ಸುಮ್ಮನೆ ಸುತ್ತು ಹೊಡೆಯುವ ಬದಲು ಮಾಡಲೊಂದು ಕೆಲಸವಿತ್ತು. ಮೈಮೇಲಿನ ಕೊಳೆಗೆ ಅರ್ಥ ಬರುವುದೂ ಆಗಲೇ.

ಶಂಟಿಂಗ್ ಮೇಲೆ ಅವನು ಕಟ್ಟಿದ ಒಂದು ಒಗಟು ಇವತ್ತಿಗೂ ಆಟದಲ್ಲಿದೆ. ಹೆಸರು 'ಟೈಮ್‌ಸೇವರ್'. 1972ರ ನವೆಂಬರಿನಲ್ಲಿ ಮಾಡೆಲ್ ರೈಲ್‌ರೋಡರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಹಲಗೆಯಷ್ಟು ಜಾಗ, ಐದು ಕವಲು ಹಳಿ, ಒಂದು ಎಂಜಿನ್, ಕೆಲವು ವ್ಯಾಗನ್. ಪ್ರತಿಯೊಂದನ್ನೂ ಹೇಳಿದ ಜಾಗಕ್ಕೆ ಆದಷ್ಟು ಕಡಿಮೆ ಸಮಯದಲ್ಲಿ ತಲುಪಿಸಬೇಕು. ಕವಲುಗಳು ತೀರಾ ಗಿಡ್ಡ, ಒಂದನ್ನು ತೆಗೆಯಲು ಎರಡನ್ನು ಸರಿಸಬೇಕು. ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಹೇಳಬೇಕಿಲ್ಲ, ಒಂದು ಕಡೆ ಮುಚ್ಚಿದ ಪ್ರತಿ ಹಳಿಯೂ ಒಂದು ಸ್ಟ್ಯಾಕ್. ಕೊನೆಗೆ ಬಂದದ್ದು ಮೊದಲು ಹೋಗಬೇಕು. ಬಿಡುವಿದ್ದಾಗ ಕಾಗದದ ಮೇಲೆ ಆಡಿ ನೋಡಿ, ಗಂಟೆ ಹೋಗಿದ್ದು ಗೊತ್ತಾಗಲ್ಲ.

ಇಷ್ಟು ಶಿಸ್ತಿನ ಮನುಷ್ಯ ಶಂಟಿಂಗ್ ಎಂಜಿನ್ನಿನ ಜಾಗದಲ್ಲಿ ಒಂದು ಡೈನೋಸಾರನ್ನೂ ಇಟ್ಟಿದ್ದ ಅಂದರೆ ನಂಬಬೇಕು. ಎಮ್ಮಾ ಅಂತ ಅದರ ಹೆಸರು, ಸ್ಟೆಗೋಸಾರಸ್ ಜಾತಿ, ಕಂಪನಿಯ ನಂಬರ್ 13. ಬೆನ್ನ ಮೇಲೆ ಮುಳ್ಳು ಫಲಕ ಹೊತ್ತು ವ್ಯಾಗನ್ ಎಳೆಯುವ ಅದರ ಚಿತ್ರ ಬಹಳ ಪ್ರಸಿದ್ಧ. ಸುತ್ತಲಿನ ಪ್ರತಿ ತುಕ್ಕಿನ ಕಲೆ ಅಷ್ಟು ನಿಜವಾಗಿದ್ದುದರಿಂದಲೇ ಆ ಡೈನೋಸಾರ್ ಕೂಡ ದಿನಾ ಡ್ಯೂಟಿಗೆ ಬರುವ ನೌಕರನಂತೆ ಕಂಡಿತು.

ಅಲೆನ್ ಬಗ್ಗೆ ಆಕ್ಷೇಪಗಳೂ ಉಂಟು. ಅವನ ಲೋಕ ಅತಿಯಾಯಿತು, ಎಲ್ಲ ಮನೆಯೂ ಬೀಳುವಂತಿದೆ, ಎಲ್ಲ ಕಣಿವೆಯೂ ಅಷ್ಟು ಆಳ, ಯಾವ ರೈಲ್ವೆಯೂ ಹೀಗಿರಲ್ಲ ಎಂದು ಹೇಳುವವರಿದ್ದಾರೆ. ಮುಂದಿನ ತಲೆಮಾರಿನ ಹಲವರು ನಿಜವಾದ ಒಂದು ವ್ಯಾಗನ್ನಿನ ಫೋಟೋ ಎದುರಿಗಿಟ್ಟು, ಅದೇ ನಂಬರು, ಅದೇ ಜಾಗದ ಅದೇ ಕಲೆ ಬರುವಂತೆ ಕೆಲಸ ಮಾಡತೊಡಗಿದರು. ಇದು ನ್ಯಾಯವಾದ ಆಕ್ಷೇಪವೇ. ಅಲೆನ್ ಕಟ್ಟಿದ್ದು ಭೂಪಟದಲ್ಲಿಲ್ಲದ ನಾಡು, ಅಲ್ಲಿ ನಾಟಕೀಯತೆ ಜಾಸ್ತಿ. ಆದರೆ ಫೋಟೋ ನೋಡಿ ಕಲೆ ಹಚ್ಚುವವರು ಕೂಡ, ಮಾಡೆಲ್ ಅಂದರೆ ಹೊಳೆಯಲೇಬೇಕು ಎಂಬ ಹಟವನ್ನು ಅವನು ಮುರಿದ ಮೇಲೆ ಬಂದವರು.

ಹತ್ತು ದಿನಗಳ ಅಂತರ

ಮೂರನೇ ರೈಲಿನ ಕೆಲಸ ಇಪ್ಪತ್ತು ವರ್ಷ ನಡೆಯಿತು. ಮುಖ್ಯ ಮಾರ್ಗದ ಎರಡು ತುದಿಗಳು ಸೇರುವ ದಿನ ಹತ್ತಿರವಾಗುತ್ತಿತ್ತು. ಅಷ್ಟರಲ್ಲಿ, 1973ರ ಜನವರಿ 6ರಂದು, ಹುಡುಗನಾಗಿದ್ದಾಗಿನಿಂದ ಸಾಲ ಉಳಿಸಿಕೊಂಡಿದ್ದ ಹೃದಯ ನಿಂತಿತು. ಅಲೆನ್‌ಗೆ ಆಗ ಐವತ್ತೊಂಬತ್ತು.

ಗೆಳೆಯರು ಅವನ ರೈಲನ್ನು ಉಳಿಸಿಕೊಳ್ಳಬೇಕು ಎಂದುಕೊಂಡಿದ್ದರು. ಅವನು ಹೋದ ಮೇಲೂ ಸೇರಿ ಗಾಡಿ ಓಡಿಸಿದರು. ಅವನು ತೀರಿ ಸುಮಾರು ಹತ್ತು ದಿನಕ್ಕೆ ಆ ಮನೆಗೆ ಬೆಂಕಿ ಬಿತ್ತು. ಚಳಿಗೆ ಹಚ್ಚಿದ ಹೀಟರಿನಿಂದ ಶುರುವಾಯಿತೆಂದು ಹೇಳುತ್ತಾರೆ. ಮರದ ಚೌಕಟ್ಟು, ಒಣಗಿದ ಬಣ್ಣ, ಪುಟ್ಟ ಮರಗಳು, ಹಲಗೆ ಹಲಗೆ ಜೋಡಿಸಿದ ಸೇತುವೆಗಳು, ಎಲ್ಲ ಬೆಂಕಿಗೆ ಹೇಳಿ ಮಾಡಿಸಿದ ಸಾಮಾನು. ರೈಲಿನ ಬಹುಪಾಲು ಸುಟ್ಟುಹೋಯಿತು. ಸಾವಿರಾರು ಗಂಟೆ ಕೂತು ಹಚ್ಚಿದ ಹೊಗೆಯ ಮಸಿಯ ಮೇಲೆ ನಿಜವಾದ ಹೊಗೆಯ ಮಸಿ ಕೂತಿತು.

ಉಳಿದದ್ದೇನು? ಅವನು ತೆಗೆದ ಫೋಟೋಗಳು, ಪತ್ರಿಕೆಗಳಿಗೆ ಬರೆದ ಲೇಖನಗಳು. ತನಗೆ ತಿಳಿದದ್ದನ್ನು ಅಲೆನ್ ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಹೇಗೆ ಮಾಡಿದೆ, ಯಾಕೆ ಹಾಗೆ ಮಾಡಿದೆ ಎಂದು 1940ರ ದಶಕದಿಂದಲೇ ಬರೆದು ಹಂಚಿಕೊಂಡಿದ್ದ. ಮಾಡೆಲ್ ರೈಲ್‌ರೋಡರ್ ಪತ್ರಿಕೆಗೆ ಬಹುಕಾಲ ಸಂಪಾದಕನಾಗಿದ್ದ ಲಿನ್ ವೆಸ್ಟ್‌ಕಾಟ್ ಇವನ್ನೆಲ್ಲ ಕೂಡಿಸಿ ಅಲೆನ್ ಕುರಿತು ಒಂದು ಪುಸ್ತಕ ಸಿದ್ಧಪಡಿಸಿದ. ಅದು 1981ರಲ್ಲಿ ಅಚ್ಚಾಗಿ ಬರುವಷ್ಟರಲ್ಲಿ ವೆಸ್ಟ್‌ಕಾಟ್ ಕೂಡ ಇರಲಿಲ್ಲ. ಆ ಪುಸ್ತಕ ನೋಡಿ ಬ್ರಷ್ ಹಿಡಿದವರು, ಅವರನ್ನು ನೋಡಿ ಕಲಿತವರು, ಹೀಗೆ ಸಾಲು ಬೆಳೆಯಿತು. ಮಾಂಟೆರೇಯ ನೆಲಮಾಳಿಗೆಯನ್ನು ಕಣ್ಣಾರೆ ಕಂಡವರು ಕೆಲವರು. ಅದರಿಂದ ಕಲಿತವರು ಲೆಕ್ಕಕ್ಕೆ ಸಿಗಲ್ಲ.

ಪ್ರಾಜೆಕ್ಟ್ ಮುಗಿಸಿ, ಡೆಮೊ ಕೊಟ್ಟು, ರಿಪೋರ್ಟನ್ನು ಮಾತ್ರ ಹಿಂದಿನ ರಾತ್ರಿ ಸೀನಿಯರ್ ಫೈಲಿನಿಂದ ಎತ್ತುವ ನಮಗೆ ಇಲ್ಲೊಂದು ಪಾಠವಿದೆ, ಬಿಡಿಸಿ ಹೇಳುವ ಅಗತ್ಯವಿಲ್ಲ. ಕಟ್ಟಿದ್ದು ಸುಟ್ಟುಹೋಗಬಹುದು, ಬರೆದಿಟ್ಟದ್ದು ಇನ್ನೊಬ್ಬರ ಕೈಯಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ.

ಕೈಗೆ ಸ್ವಲ್ಪ ಕೆಲಸ ಕೊಡಬೇಕು ಅನ್ನಿಸಿದರೆ ದುಬಾರಿ ಮಾಡೆಲ್ಲೇ ಬೇಕೆಂದಿಲ್ಲ. ಒಂದು ಗಟ್ಟಿ ರಟ್ಟಿನಲ್ಲಿ 14 ಸೆಂಟಿಮೀಟರಿನ ವ್ಯಾಗನ್ ಕತ್ತರಿಸಿ ಅಂಟಿಸಿ. ಕಂದು ಬಣ್ಣ ತೆಳುವಾಗಿ ಎರಡು ಸಲ ಬಳಿದು ಪೂರ್ತಿ ಒಣಗಿಸಿ. ಬ್ರಷ್ ಮತ್ತೆ ಎತ್ತುವ ಮೊದಲು ಕಾಗದದಲ್ಲಿ ನಾಲ್ಕು ಸಾಲು ಬರೆಯಿರಿ: ಈ ಗಾಡಿಗೆ ಎಷ್ಟು ವರ್ಷ, ಏನು ಹೊರುತ್ತದೆ, ಯಾವ ಕಡೆಯಿಂದ ಸರಕು ತುಂಬುತ್ತಾರೆ, ನೀರು ಎಲ್ಲಿ ನಿಲ್ಲುತ್ತದೆ. ಆಮೇಲೆ ಚಾಕ್‌ಪೀಸ್ ಪುಡಿ, ಇದ್ದಿಲ ಪುಡಿ ತಗೊಂಡು ಶುರು ಮಾಡಿ. ಪ್ರತಿ ಕಲೆ ಹಚ್ಚುವಾಗ ಆ ನಾಲ್ಕು ಸಾಲಿನಲ್ಲಿ ಅದಕ್ಕೆ ಕಾರಣ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಬೇಡ. ಮುಗಿದ ಮೇಲೆ ಕಿಟಕಿಯ ಬೆಳಕಿಗಿಟ್ಟು, ಕಣ್ಣನ್ನು ಅದರ ಚಕ್ರದ ಮಟ್ಟಕ್ಕೆ ಇಳಿಸಿ ನೋಡಿ. ರಟ್ಟು ಅನ್ನುವುದು ಮರೆತು, ಇದು ಎಲ್ಲಿಂದ ಬಂತಪ್ಪಾ ಅಂತ ಒಂದು ಕ್ಷಣ ಅನ್ನಿಸಿದರೆ ನಿಮ್ಮ ತುಕ್ಕು ಸರಿಯಾಗಿದೆ.